ಗಿರಣಿಯ ಕೈಮಾತು

ಜನವರಿ 6, ಸೋಮವಾರ

ಇಂಟರ್ನ್‌ಶಿಪ್ಪಿನ ಕೊನೆಯ ಐದು ತಿಂಗಳಿಗೆ ದಾವಣಗೆರೆಯ ಆಸ್ಪತ್ರೆ ಸಿಕ್ಕಿತು. ಮೈಸೂರಿನ ಹಾಸ್ಟೆಲಿನಲ್ಲಿ ಹಾಯಾಗಿದ್ದವಳು ಇನ್ನು ಹರಿಹರದ ಮನೆಯಿಂದ ಓಡಾಡಬೇಕು. ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಹೋದೆ, ಸಂಜೆ ನಿಂತುಕೊಂಡು ಬಂದೆ. ಪಿ.ಜೆ. ಬಡಾವಣೆಯ ಆಸ್ಪತ್ರೆಯಲ್ಲಿ ನಮ್ಮ ಕಿವಿ ಪರೀಕ್ಷೆಯ ವಿಭಾಗ ಇರುವುದು ಹಿಂಭಾಗದಲ್ಲಿ, ಜನರೇಟರ್ ಪಕ್ಕ. ಕಿವಿ ಪರೀಕ್ಷೆಗೆ ಅದಕ್ಕಿಂತ ಪ್ರಶಸ್ತವಾದ ಜಾಗ ಯಾರಿಗೂ ಹೊಳೆದಿಲ್ಲ.

ವಿಭಾಗಕ್ಕೆ ದೊಡ್ಡವರು ರೇವತಿ ಮೇಡಂ. ಮಾತು ಕಮ್ಮಿ. ಜೊತೆಗೆ ಇನ್ನೊಬ್ಬ ಇಂಟರ್ನ್ ನಿಖತ್, ಕೆ.ಬಿ. ಬಡಾವಣೆಯವಳು. ಮಾತು ಜಾಸ್ತಿ. ಈ ಡೈರಿ ಅವಳೇ ಕೊಟ್ಟಳು, ಹೊಸ ವರ್ಷಕ್ಕೆ ಮನೆಯಲ್ಲಿ ಎರಡು ಬಂದಿದ್ದವಂತೆ.

ಮನೆಗೆ ಬಂದರೆ ಗಿರಣಿ. ಮುಂದೆ ಅಪ್ಪನ ಹಿಟ್ಟಿನ ಗಿರಣಿ, ಹಿಂದೆ ನಮ್ಮ ಮನೆ, ನಡುವೆ ಒಂದು ಬಾಗಿಲು, ಅದೂ ಸರಿಯಾಗಿ ಮುಚ್ಚುವುದಿಲ್ಲ. ನಾನು ಶಾಲೆಗೆ ಸೇರುವ ಹೊತ್ತಿಗೆ ಅಪ್ಪನ ಕಿವಿ ಅರ್ಧ ಹೋಗಿತ್ತು, ಈಗ ಪೂರ್ತಿ ಹೋಗಿದೆ. ಹಾಗಾಗಿ ನಮ್ಮ ಮನೆಯಲ್ಲಿ ಮಾತು ಎಂದರೆ ಕೈ. ಹೆಬ್ಬೆರಳಿಗೆ ತೋರುಬೆರಳು ಉಜ್ಜಿದರೆ ಹಿಟ್ಟು ನುಣ್ಣಗಾಗಿದೆ ಎಂದು. ಐದೂ ಬೆರಳು ಕೆಳಗೆ ಮಾಡಿ ಉದುರಿಸಿದರೆ ತರಿಯಿದೆ, ಇನ್ನೊಂದು ಸಲ ಹಾಕಬೇಕು ಎಂದು. ಇದು ಗಿರಾಕಿಗಳಿಗೆ ಮಾತ್ರ ಅಲ್ಲ. ಸಾರು ಹೇಗಿದೆ ಎಂದರೂ ಇದೇ ಉತ್ತರ, ಪರೀಕ್ಷೆ ಹೇಗಾಯಿತು ಎಂದರೂ ಇದೇ. ಮೈಸೂರಿನಲ್ಲಿ ಮೊದಲ ವಾರ ಮೆಸ್ಸಿನವನು ಸಾಂಬಾರು ಹೇಗಿದೆ ಎಂದಾಗ ಬೆರಳು ಉಜ್ಜಿ ತೋರಿಸಿದ್ದೆ. ದುಡ್ಡು ಕೇಳುತ್ತಿದ್ದೇನೆ ಅಂದುಕೊಂಡ. ಆವತ್ತಿನಿಂದ ಹೊರಗೆ ಕೈ ಕಟ್ಟಿಕೊಂಡೇ ಮಾತಾಡುತ್ತೇನೆ. ಎಲ್ಲರೂ ಬಾಯಿಂದ, ಮೆತ್ತಗೆ ಮಾತಾಡುವ ಯಾವುದಾದರೂ ಊರಿನಲ್ಲಿ ಕೆಲಸ ಸಿಕ್ಕರೆ ಸಾಕಾಗಿದೆ.

ಚೌಡೇಶನನ್ನು ಊಟಕ್ಕೆ ಕರೆದೆ. ಹಿತ್ತಲ ಕಡೆ ನೋಡುತ್ತಾ ಕೂತಿದ್ದ. ಕರೆದೆ, ಕರೆದೆ, ತಿರುಗಲೇ ಇಲ್ಲ. ತಮ್ಮನಿಗೆ ಇಪ್ಪತ್ತು ತುಂಬಿತು, ಐಟಿಐ ಮುಗಿಯಿತು, ಸೇನೆಗೆ ಸೇರಲು ಬರೆಯುವ ಪರೀಕ್ಷೆಯೂ ಪಾಸಾಯಿತು, ಜೊತೆಗೆ ಕೊಬ್ಬೂ ಬಂತು. ಹೆಗಲು ಮುಟ್ಟಿದ ಮೇಲೆ "ಏನಕ್ಕ" ಅಂತಾನೆ, ಏನೂ ಆಗಿಲ್ಲ ಎನ್ನುವ ಹಾಗೆ.

ಜನವರಿ 17, ಶುಕ್ರವಾರ

ಕುಬೇರಪ್ಪ ಮಾಮ ಪರೀಕ್ಷೆಗೆ ಬಂದಿದ್ದರು. ಸೇನೆಯಲ್ಲಿ ಹವಾಲ್ದಾರ್ ಆಗಿದ್ದು ನಿವೃತ್ತರಾದವರು, ಈಗ ಹರಿಹರದ ಮೈದಾನದಲ್ಲಿ ಬೆಳಿಗ್ಗೆ ಬೆಳಿಗ್ಗೆ ಹುಡುಗರನ್ನು ಓಡಿಸುತ್ತಾರೆ. ಚೌಡೇಶನೂ ಆ ಗುಂಪಿನಲ್ಲಿದ್ದಾನೆ. ಫಿರಂಗಿಯ ಪಕ್ಕ ನಿಂತೂ ನಿಂತೂ ಮಾಮನ ಕಿವಿ ಹೋಗಿದೆ ಎಂದು ಊರಿಗೆಲ್ಲ ಗೊತ್ತು, ಅವರೊಬ್ಬರನ್ನು ಬಿಟ್ಟು.

ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟೆ. ಸಣ್ಣ ಸದ್ದು ಕೇಳಿದರೂ ಒತ್ತಿ ಎಂದೆ. ಹೊರಗೆ ಕೂತು ನಾನು ಸದ್ದು ಕೊಡುತ್ತಾ ಹೋದೆ. ಮಾಮ ಒತ್ತಿದ್ದೇ ಒತ್ತಿದ್ದು.

"ಎಲ್ಲಾ ಕೇಳ್ತೈತವ್ವ. ಫಸ್ಟ್ ಕ್ಲಾಸ್."

ರೇವತಿ ಮೇಡಂ ಒಳಗೆ ಹೋಗಿ ಅವರ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಬಂದರು. ಅಷ್ಟೇ. ಆಮೇಲೆ ಮಾಮನ ಹೆಬ್ಬೆರಳು ಬಹಳ ಹೊತ್ತು ಸುಮ್ಮನೆ ಇತ್ತು.

"ಕಿವಿ ಪರೀಕ್ಷೆ ಅಂದ್ರೆ ಅರ್ಧ ಮಷೀನು, ಅರ್ಧ ಕುರ್ಚಿ, ಪುಷ್ಪಲತಾ" ಎಂದರು ಮೇಡಂ. "ನಿಮ್ಮ ಕೈ ಕಂಡ್ರೆ ಅವ್ರು ಕಣ್ಣಿಂದ ಕೇಳ್ತಾರೆ. ಪುಟ್ಟ ಮಕ್ಕಳನ್ನ ಎದುರಿಗೆ ಕೂರಿಸಿ ನಗಿಸ್ಬೇಕು, ಅದು ಬೇರೆ. ದೊಡ್ಡೋರು ಯಾವಾಗ್ಲೂ ಪಕ್ಕಕ್ಕೆ."

ಕಿವಿಗೆ ಹಾಕಿಕೊಳ್ಳುವ ಮಷೀನು ಬೇಡವೇ ಬೇಡ ಎಂದರು ಮಾಮ. "ಕಿವಿಗೆ ಅದನ್ನ ಸಿಗಿಸ್ಕೊಂಡು ನಿಂತ್ರೆ ಹುಡುಗ್ರು ನನ್ ಮಾತು ಕೇಳ್ತಾರೇನು?" ಹೊರಡುವಾಗ ಮಾತ್ರ ಒಂದು ಒಳ್ಳೆಯ ಮಾತು ಹೇಳಿದರು. ಸೇನೆಯ ಆಸ್ಪತ್ರೆಗಳಲ್ಲಿ ಕಿವಿ ನೋಡುವವರೂ ಬೇಕಾಗುತ್ತಾರಂತೆ. "ಬಂದೂಕು, ಫಿರಂಗಿ, ಹೆಲಿಕಾಪ್ಟರು, ಎಲ್ಲಾ ಕಿವೀಗೇ ಬಡಿಯೋದು. ನಿನ್ನಂಥೋರಿಗೆ ಅಲ್ಲಿ ಕೆಲ್ಸ ಐತೆ. ಅರ್ಜಿ ಹಾಕು."

ಫೆಬ್ರವರಿ 9, ಭಾನುವಾರ

ಪುಣೆಯ ಸೇನಾ ಆಸ್ಪತ್ರೆಯೊಂದಕ್ಕೆ ಅರ್ಜಿ ಹಾಕಿದೆ. ಗುತ್ತಿಗೆಯ ಕೆಲಸ, ಸಮವಸ್ತ್ರ ಇಲ್ಲ. ಅಮ್ಮನಿಗೆ ಸಮವಸ್ತ್ರ ಇಲ್ಲದ್ದು ಸಮಾಧಾನ. ಚೌಡೇಶನಿಗೆ ಅದೇ ಬೇಜಾರು. "ಅಕ್ಕ, ನೀನೂ ಮಿಲಿಟ್ರಿ, ನಾನೂ ಮಿಲಿಟ್ರಿ. ಯಾರು ಮೊದ್ಲು ಹೋಗ್ತಾರೆ ನೋಡೋಣ" ಎಂದ. ಎಂದಿನಂತೆ ನನ್ನ ಎಡಕ್ಕೆ ಬಂದು ಕೂತು ನನ್ನ ತಟ್ಟೆಯ ಹಪ್ಪಳ ತಿಂದ. ಅವನು ಯಾವಾಗಲೂ ಗೋಡೆಯ ಮೂಲೆ ಹಿಡಿದೇ ಕೂರುವುದು. ಆ ಜಾಗದಲ್ಲಿ ಬೇರೆ ಯಾರಾದರೂ ಕೂತರೆ ಎಬ್ಬಿಸುತ್ತಾನೆ. ಸಣ್ಣವನಿದ್ದಾಗಿನಿಂದ ಅದೇ ಹಟ.

ಮಾರ್ಚ್ 12, ಬುಧವಾರ

ಪುಣೆಗೆ ಹೋಗಿ ಸಂದರ್ಶನ ಮುಗಿಸಿ ಬಂದೆ. ನಾನು ಹೆದರಿದಷ್ಟು ಇರಲಿಲ್ಲ. ಕೊನೆಯಲ್ಲಿ ಒಬ್ಬ ಅಧಿಕಾರಿ ಕೇಳಿದರು: ನಮ್ಮ ಜವಾನರು ಕಿವಿ ಹೋಗಿದ್ದರೂ ಹೇಳುವುದಿಲ್ಲ, ಎಲ್ಲಾ ಕೇಳುತ್ತದೆ ಅಂತಾರೆ, ಆಗ ಏನು ಮಾಡುತ್ತೀರಿ?

"ಕುರ್ಚಿ ತಿರುಗಿಸುತ್ತೇನೆ ಸರ್" ಎಂದೆ.

ಎಲ್ಲರೂ ನಕ್ಕರು. ಒಬ್ಬರು ಏನೋ ಬರೆದುಕೊಂಡರು. ಒಳ್ಳೆಯದನ್ನೇ ಬರೆದಿರಬೇಕು.

ಏಪ್ರಿಲ್ 19, ಶನಿವಾರ

ಸಾಕುಬೇಕಾದ ದಿನ. ಕುಬೇರಪ್ಪ ಮಾಮನ ಹುಡುಗರ ಪಟಾಲಮ್ಮು ಕಿವಿ ತೋರಿಸಲು ಬಂದಿತ್ತು. ಸೇನೆಯ ಮೆಡಿಕಲ್‌ಗೆ ಮೊದಲು ಗುಗ್ಗೆ ತೆಗೆಸಿಕೊಂಡು ಹೋಗುವುದು ಈಗ ಒಂದು ಪದ್ಧತಿಯೇ ಆಗಿದೆ, ಮದುವೆಗೆ ಮೊದಲು ಕ್ಷೌರ ಮಾಡಿಸಿದ ಹಾಗೆ. ಡಾಕ್ಟರು ಗುಗ್ಗೆ ತೆಗೆದು ಕಳಿಸಿದರು. ಕೇಳುತ್ತದೋ ಇಲ್ಲವೋ ನೀನೂ ಒಮ್ಮೆ ನೋಡಿಬಿಡಕ್ಕ ಎಂದು ಎಲ್ಲರೂ ಗಂಟು ಬಿದ್ದರು. ರೇವತಿ ಮೇಡಂ ರಜೆಯಲ್ಲಿದ್ದರು. ಹೊರರೋಗಿಗಳ ಸಮಯ ಮುಗಿದಿತ್ತು. ಹಾಳಾಗಲಿ ಎಂದು ಒಪ್ಪಿಕೊಂಡೆ.

ಅದಕ್ಕೂ ಮುಂಚೆ ಹೊನ್ನಾಳಿ ಕಡೆಯ ಒಂದು ಪುಟ್ಟ ಮಗು ಬಂದಿತ್ತು. ಗಾಜಿನ ಎದುರಿಗೆ ಕೂರಿಸಿ, ನಾನು ಹೊರಗಿನಿಂದ ಮುಖ ಸೊಟ್ಟ ಮಾಡುತ್ತಾ, ಸದ್ದು ಕೇಳಿದಾಗಲೆಲ್ಲ ಡಬ್ಬಿಗೆ ಗೋಲಿ ಹಾಕಿಸುತ್ತಾ ಪರೀಕ್ಷೆ ಮಾಡಿದೆ. ಆ ಮಗು ಎದ್ದು ಹೋದ ಕುರ್ಚಿಯಲ್ಲೇ ಹುಡುಗರನ್ನು ಒಬ್ಬೊಬ್ಬರಾಗಿ ಕೂರಿಸಿ ಬೇಗ ಬೇಗ ಮುಗಿಸಿದೆ. ಎಲ್ಲರದೂ ಸರಿಯಿತ್ತು. ಕೊನೆಗೆ ಚೌಡೇಶ. ಅವನದು ಎಲ್ಲರಿಗಿಂತ ಚುರುಕು. ಎರಡೂ ಕಿವಿ, ಅತಿ ಸಣ್ಣ ಸದ್ದಿಗೂ ಥಟ್ಟನೆ ಒತ್ತಿದ. ಅಂದರೆ ಕರೆದಾಗ ಓಗೊಡದಿರುವುದು ಕಿವಿಯ ದೋಷವಲ್ಲ, ಬರೀ ಕೊಬ್ಬು. ಇವತ್ತು ಅದಕ್ಕೆ ಸಾಕ್ಷಿ ಸಿಕ್ಕಿತು.

ಮನೆಗೆ ಬಂದಾಗ ಗಿರಣಿ ಓಡುತ್ತಿತ್ತು. ಅಪ್ಪ ಜೋಳ ಸುರಿಯುತ್ತಿದ್ದವರು ನನ್ನನ್ನು ನೋಡಿ ಕಿವಿ ಮುಟ್ಟಿಕೊಂಡು ಚೌಡೇಶನ ಕಡೆ ಗದ್ದ ಎತ್ತಿದರು. ನಾನು ಬೆರಳು ಉಜ್ಜಿ ತೋರಿಸಿದೆ: ನುಣ್ಣಗೆ. ಅಪ್ಪ ನಕ್ಕರು. ಹುಬ್ಬಿನ ಮೇಲಿನ ಹಿಟ್ಟು ಉದುರಿತು. ಅಮ್ಮ ಆಗಲೇ ಉಕ್ಕಡಗಾತ್ರಿ ಅಜ್ಜಯ್ಯನಿಗೆ ಹರಕೆ ಹೊತ್ತು ಕೂತಿದ್ದಾಳೆ.

ಮೇ 5, ಸೋಮವಾರ

ಹರಿಹರದ ಒಂದು ಕಾರ್ಖಾನೆಯಿಂದ ಚೌಡೇಶನಿಗೆ ಕರೆ ಬಂದಿದೆ, ಫಿಟ್ಟರ್ ಅಪ್ರೆಂಟಿಸ್. ಈ ವಾರವೇ ಸೇರಬೇಕು. ಸೇರಿದರೆ ಮುಂದಿನ ತಿಂಗಳ ಓಟಕ್ಕೂ ಮೆಡಿಕಲ್‌ಗೂ ರಜೆ ಕೊಡುವುದಿಲ್ಲವಂತೆ. ಅಪ್ಪನಿಗೆ ಸೇರಲಿ ಎಂದು. ಕೈಯಲ್ಲಿರುವುದನ್ನು ಬಿಟ್ಟು ಓಡುವುದನ್ನು ಹಿಡಿಯಬಾರದು ಎನ್ನುವುದನ್ನು ಕೈಯಲ್ಲೇ ಬಹಳ ಹೊತ್ತು ಹೇಳಿದರು.

ಚೌಡೇಶ ನಾನು ಬಟ್ಟೆ ಒಣಹಾಕುವಲ್ಲಿಗೆ ಬಂದ.

"ಅಕ್ಕ, ಓಟ ನಂಗೆ ಬಿಡು. ಕಿವಿ ಪಕ್ಕಾ ತಾನೆ?"

"ಪಕ್ಕಾ."

"ಎಡಗಡೇದೂ?"

"ಎರಡೂ ಅಂದ್ನಲ್ಲೋ. ಪರೀಕ್ಷೆ ಮಾಡಿದೋಳು ನಾನು."

ಸರಿ ಎಂದು ಹೋದ. ಕಾರ್ಖಾನೆಗೆ ಬರುವುದಿಲ್ಲ ಎಂದು ಸಂಜೆಯೇ ಹೇಳಿಬಂದ.

ಮೇ 31, ಶನಿವಾರ

ಇಂಟರ್ನ್‌ಶಿಪ್ ಮುಗಿಯಿತು. ರೇವತಿ ಮೇಡಂ ಸಹಿ ಹಾಕಿ, "ಚೆನ್ನಾಗಿ ಕಲಿತ್ರಿ. ಅವಸರ ಸ್ವಲ್ಪ ಕಮ್ಮಿ ಮಾಡ್ಕೊಳ್ರಿ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ ಎಂದು ನಿಖತ್ ಹೇಳಿದಳು. ಅವಳೇ ಮಂಡಕ್ಕಿ ಮಿರ್ಚಿ ಕೊಡಿಸಿದಳು. ನಾಲಿಗೆ ಉರಿದು ಇಬ್ಬರೂ ಅತ್ತೆವು, ಸ್ವಲ್ಪ ನಿಜವಾಗಿಯೂ ಅತ್ತೆವು.

ಪುಣೆಯಿಂದ ಆದೇಶ ಬಂತು. ಆಗಸ್ಟ್ ಮೊದಲ ವಾರ ಹಾಜರಾಗಬೇಕು. ಅಂತೂ ನಾನೇ ಮೊದಲು ಹೋಗುತ್ತೇನೆ. ಚೌಡೇಶ ಸೆಲ್ಯೂಟ್ ಹೊಡೆದ.

ಜೂನ್ 18, ಬುಧವಾರ

ಚೌಡೇಶ ಓಟದಲ್ಲಿ ಗೆದ್ದ. ಮೆಡಿಕಲ್‌ನಲ್ಲಿ ಎಡಗಿವಿ ಕೇಳುವುದಿಲ್ಲ ಎಂದು ಹೊರಗೆ ಹಾಕಿದ್ದಾರೆ. ಇದಕ್ಕಿಂತ ಅನ್ಯಾಯ ಇನ್ನೊಂದಿಲ್ಲ. ಬಲಗಿವಿ ಮುಚ್ಚಿಸಿ, ದೂರ ನಿಂತು ಹಿಂದಿನಿಂದ ಪಿಸುಗುಟ್ಟಿದರಂತೆ, ಏನೆಂದರು ಎಂದು ಇವನು ಹೇಳಲಿಲ್ಲವಂತೆ. ಸಾವಿರ ಹುಡುಗರ ಗಲಾಟೆಯಲ್ಲಿ ಅದೂ ಒಂದು ಪರೀಕ್ಷೆಯೇ? ನಾನು ಮಷೀನಿನಲ್ಲಿ ನೋಡಿದ್ದೇನೆ. ಮರುಪರೀಕ್ಷೆಗೆ ಅವಕಾಶ ಇದೆ. ಅದಕ್ಕೆ ಮೊದಲು ನಮ್ಮ ಆಸ್ಪತ್ರೆಯಿಂದಲೇ ಸರಿಯಾದ ವರದಿ ಮಾಡಿಸಿ ಕಳಿಸುತ್ತೇನೆ. ಇಡೀ ಸಂಜೆ ನಾನೇ ಮಾತಾಡಿದೆ. ಅವನು ಹಿಟ್ಟಿನ ಚೀಲದ ಮೇಲೆ ಕೂತು ಶೂ ಬಿಚ್ಚಲಿಲ್ಲ.

ಜೂನ್ 20, ಶುಕ್ರವಾರ

ರೇವತಿ ಮೇಡಂ ತಾವೇ ಪರೀಕ್ಷೆ ಮಾಡಿದರು. ಮೊದಲು ಒಳಗೆ ಹೋಗಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು. ಕುರ್ಚಿಯ ಕಾಲು ಕಿರುಗುಟ್ಟಿತು. ಆ ಸದ್ದಿಗೇ ನನಗೆ ಎಲ್ಲ ತಿಳಿದುಹೋಯಿತು.

ಬಲಗಿವಿ ಚೊಕ್ಕವಾಗಿದೆ. ಅದು ಸಹಾಯಕ್ಕೆ ಬಾರದ ಹಾಗೆ ಅದರೊಳಗೆ ಭೋರೆನ್ನುವ ಸದ್ದು ತುಂಬಿ, ಎಡಗಿವಿಗೆ ಮಷೀನು ಕೊಡುವಷ್ಟು ಜೋರು ಸದ್ದು ಕೊಟ್ಟರೂ ಅವನ ಹೆಬ್ಬೆರಳು ಅಲುಗಲಿಲ್ಲ. ಸತ್ತ ಕಿವಿ. ಹೊಸದಾಗಿ ಸತ್ತದ್ದಲ್ಲ.

ಮೇಡಂ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಹರಿಹರದಲ್ಲಿ ಬಸ್ಸು ಇಳಿದ ಮೇಲೆ ನಾನೇ ಮಾತು ತೆಗೆದೆ.

"ಅವತ್ತು ನನ್ನ ಕೈ ನೋಡ್ಕೊಂಡು ಒತ್ತಿದ್ಯೇನೋ?"

"ಹ್ಞೂಂ. ನೀನು ಒತ್ತಿದಾಗ ಒತ್ತಿದೆ."

"ಸದ್ದು ಕೇಳಿದಾಗ ಒತ್ತು ಅಂದಿದ್ದೆ."

"ಸದ್ದು ಬಂತು ಅಂತ ನಿನ್ ಕೈ ನೋಡಿದ್ರೇ ಗೊತ್ತಾಗ್ತಿತ್ತಲ್ಲ. ನಮ್ ಮನ್ಯಾಗೆ ಎಲ್ರೂ ಹಂಗೇ ಅಲ್ಲೇನಕ್ಕ ಕೇಳೋದು?"

ನನಗೆ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಬಾರಿಸಬೇಕಾಗಿದ್ದು ಯಾರ ಕಪಾಳಕ್ಕೆ ಎಂದು ಮನೆ ಮುಟ್ಟುವ ಹೊತ್ತಿಗೆ ತಿಳಿಯಿತು.

ಜೂನ್ 21, ಶನಿವಾರ

ಅಮ್ಮನನ್ನು ಕೇಳಿದೆ. ಮೂರನೇ ಕ್ಲಾಸಿನಲ್ಲಿದ್ದಾಗ ಅವನಿಗೆ ಮಂಗನಬಾವು ಆಗಿತ್ತು. "ಗಲ್ಲ ಎರಡೂ ಊದಿತ್ತು. ಅದಾದ್ಮ್ಯಾಲೆ ಒಂದು ವಾರ ತಲಿ ತಿರುಗ್ತೈತೆ, ತಲಿ ತಿರುಗ್ತೈತೆ ಅಂತ ಗ್ವಾಡಿ ಹಿಡ್ಕೊಂಡು ಓಡಾಡ್ದ. ಆಮ್ಯಾಲೆ ಚೆಂದಾದ" ಎಂದಳು.

ಮಂಗನಬಾವಿನಿಂದ ಒಂದು ಕಿವಿ ಪೂರ್ತಿ ಹೋಗಬಹುದು. ಎರಡನೇ ವರ್ಷದ ಪರೀಕ್ಷೆಯಲ್ಲಿ ಇದನ್ನೇ ಬರೆದು ಒಳ್ಳೆಯ ಅಂಕ ತಗೊಂಡಿದ್ದೆ. ಒಂದೇ ಕಿವಿ ಹೋದ ಮಕ್ಕಳು ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಒಳ್ಳೆಯ ಕಿವಿ ಜನರ ಕಡೆ ಇರುವಂತೆ ಜಾಗ ಹಿಡಿದು ಕೂರುತ್ತಾರೆ ಎಂದೂ ಬರೆದಿದ್ದೆ. ದೀಪದ ಬುಡದಲ್ಲಿ ಕತ್ತಲೆ ಎಂದು ಬೇರೆಯವರಿಗೆ ಹೇಳುವುದು ಸುಲಭ. ಬೇರೆ ಯಾವ ಮನೆಯಲ್ಲಾದರೂ ಹುಟ್ಟಿದ್ದರೆ ಒಂದು ತಿಂಗಳಲ್ಲಿ ಗೊತ್ತಾಗುತ್ತಿತ್ತು. ನಮ್ಮಲ್ಲಿ ಯಾರೂ ಮುಖ ನೋಡದೆ, ಹೆಗಲು ಮುಟ್ಟದೆ ಮಾತೇ ಆಡುವುದಿಲ್ಲ. ಅವನ ಕಿವಿಯನ್ನು ಯಾರೂ ಪರೀಕ್ಷಿಸಲೇ ಇಲ್ಲ, ನಾನು ಸೇರಿ.

"ನಿಂಗಾದ್ರೂ ಗೊತ್ತಾಗ್ಲಿಲ್ಲೇನೋ?" ಎಂದೆ.

"ಎಡಗೈ ಬಲಗೈಯಷ್ಟು ಬರಲ್ಲಲ್ಲ. ಕಿವೀನೂ ಎಲ್ರಿಗೂ ಹಂಗೇ ಅನ್ಕಂಡಿದ್ದೆ."

ಜೂನ್ 24, ಮಂಗಳವಾರ

ಬರೆಯುವಂಥದ್ದು ಇಲ್ಲ.

ಜೂನ್ 30, ಸೋಮವಾರ

ಕಾರ್ಖಾನೆಗೆ ನಾನೇ ಹೋಗಿ ಕೇಳಿ ಬಂದೆ. ಆ ಜಾಗಕ್ಕೆ ಬೇರೆ ಹುಡುಗ ಸೇರಿಯಾಗಿದೆ. ಮುಂದಿನ ಬ್ಯಾಚು ಯಾವಾಗಲೋ ಗೊತ್ತಿಲ್ಲವಂತೆ. ಚೌಡೇಶ ಗಿರಣಿಯಲ್ಲಿ ಅಪ್ಪನ ಜೊತೆ ನಿಲ್ಲುತ್ತಿದ್ದಾನೆ. ಮೈದಾನಕ್ಕೆ ಹೋಗುವುದಿಲ್ಲ. ನನ್ನ ಜೊತೆ ಬಾಯಲ್ಲೂ ಇಲ್ಲ, ಕೈಯಲ್ಲೂ ಇಲ್ಲ.

ಜುಲೈ 6, ಭಾನುವಾರ

ಇವತ್ತು ಅವನಾಗಿ ಬಂದು ಮಾತಾಡಿಸಿದ. ಖುಷಿಯಾಯಿತು. ಆಮೇಲೆ ಖುಷಿ ಇಳಿಯಿತು.

ಮರುಪರೀಕ್ಷೆ ಇದೇ ತಿಂಗಳ ಕೊನೆಗೆ. ಅಲ್ಲಿ ಮಷೀನಿನಲ್ಲೇ ನೋಡುತ್ತಾರಂತೆ.

"ಅಲ್ಲಿ ಕುರ್ಚಿ ಹೆಂಗೆ ಹಾಕಿರ್ತಾರೆ, ಏನು ಕೇಳ್ತಾರೆ, ನಿಂಗೆ ಗೊತ್ತಿರ್ತೈತೆ. ಕೈ ಕಾಣ್ದಿದ್ರೂ ನೆರಳು, ಗಾಜು, ಏನಾರ ಇರ್ತೈತಲ್ಲ. ಹೇಳ್ಕೊಡಕ್ಕ. ನಾನು ಪಾಸಾಗ್ತೀನಿ."

"ಬ್ಯಾಡ ಚೌಡ."

"ನೀನು ಪಕ್ಕಾ ಅಂದಿದ್ದಕ್ಕೇ ನಾನು ಆ ಕೆಲ್ಸ ಬಿಟ್ಟಿದ್ದು."

ಒಳಗಿನಿಂದ ಅಮ್ಮ ಬಂದಳು. "ನೀನೂ ಮಿಲಿಟ್ರಿ ಆಸ್ಪತ್ರೀಗೇ ಹೋಗಾಕಿ. ಅಲ್ಲಿ ಯಾರಿಗಾದ್ರೂ ಒಂದು ಮಾತು ಹೇಳ್ಸು. ಒಂದು ಕಿವಿ ಐತಲ್ಲ, ಸಾಲ್ದೇನು? ಕುಬೇರಪ್ಪಗೆ ಎರಡೂ ಇಲ್ಲ" ಎಂದಳು. ಅಮ್ಮನ ಮಾತಿನಲ್ಲಿ ಯಾವಾಗಲೂ ಒಂದು ನ್ಯಾಯ ಇರುತ್ತದೆ. ಅದಕ್ಕೇ ಕಷ್ಟ.

ಹೇಳಿಕೊಟ್ಟರೆ ಅವನು ಕಲಿಯುತ್ತಾನೆ. ಅವನ ಕಣ್ಣು ಅಷ್ಟು ಚುರುಕು. ಪಾಸಾದರೂ ಆದಾನು. ನನ್ನ ತಪ್ಪೂ ಮುಚ್ಚಿಹೋಗುತ್ತದೆ. ಇಡೀ ವಾರ ಇದನ್ನೇ ಯೋಚಿಸುತ್ತೇನೆ ಎಂದು ನನಗೆ ಗೊತ್ತು.

ಜುಲೈ 13, ಭಾನುವಾರ

ಬೆಳಿಗ್ಗೆ ಕರೆಂಟು ಹೋಯಿತು. ಗಿರಣಿ ನಿಂತಿತು. ಗಿರಾಕಿಗಳು ಡಬ್ಬಿ ಇಟ್ಟು ಮನೆಗೆ ಹೋದರು. ಬೀದಿಯೂ ಸುಮ್ಮನಿತ್ತು. ಇದೇ ಸಮಯ ಎಂದು ಚೌಡೇಶನನ್ನು ಗಿರಣಿಯ ನಡುವೆ ನಿಲ್ಲಿಸಿದೆ.

"ಕಣ್ಣು ಮುಚ್ಚು. ನಾನು ಚಪ್ಪಾಳೆ ತಟ್ತೀನಿ. ಎಲ್ಲಿಂದ ಬಂತು ಅಂತ ಕೈ ತೋರ್ಸು."

"ಹೇಳ್ಕೊಡ್ತೀಯಾ ಹಂಗಾರೆ?"

"ಮೊದ್ಲು ಇದು ಮಾಡು."

ಅಮ್ಮನ ಸೆರಗಿನಿಂದ ಕಣ್ಣು ಕಟ್ಟಿದ ಹಾಗೆ ಬಿಗಿಯಾಗಿ ಮುಚ್ಚಿದ. ನಾನು ಚಪ್ಪಲಿ ಬಿಟ್ಟು ಅವನ ಎಡಕ್ಕೆ ಹೋಗಿ ತಟ್ಟಿದೆ. ಅವನು ಬಲಕ್ಕೆ ತೋರಿಸಿದ. ಬೆನ್ನ ಹಿಂದೆ ತಟ್ಟಿದೆ. ಬಲಕ್ಕೆ ತೋರಿಸಿದ. ಮತ್ತೆ ಎಡಕ್ಕೆ ಬಂದು, ಹತ್ತಿರ ನಿಂತು ತಟ್ಟಿದೆ. ಅವನು ಬಲಗಡೆಯ ಗೋಡೆಗೆ ಕೈ ಚಾಚಿ, ಸರಿ ಹೇಳಿದ ಹುಡುಗನ ಹಾಗೆ ಮುಗುಳ್ನಕ್ಕ.

ಅಮ್ಮ ಹೊಸಿಲ ಮೇಲೆ ಕೂತಿದ್ದವಳು ಬಾಯಿಗೆ ಸೆರಗು ಇಟ್ಟುಕೊಂಡಳು. ಅಪ್ಪನಿಗೆ ಚಪ್ಪಾಳೆ ಕೇಳಿಸುವುದಿಲ್ಲ. ಆದರೆ ನನ್ನ ಕೈ ಎಲ್ಲಿದೆ, ಮಗನ ಕೈ ಎಲ್ಲಿಗೆ ಹೋಗುತ್ತಿದೆ ಎಂದು ಕಾಣಿಸುತ್ತಿತ್ತು. ಸ್ವಲ್ಪ ಹೊತ್ತು ನೋಡಿ ಆ ಕಡೆ ತಿರುಗಿ ಬೆಲ್ಟು ಒರೆಸತೊಡಗಿದರು. ಒರೆಸಿದ ಬೆಲ್ಟನ್ನೇ ಒರೆಸುತ್ತಿದ್ದರು.

"ಕಣ್ಣು ಬಿಡು" ಎಂದೆ.

ಬಿಟ್ಟ. ನಾನು ಅವನ ಎಡಕ್ಕೆ ನಿಂತಿದ್ದೆ. ನನ್ನನ್ನು ನೋಡಿದ, ತನ್ನ ಚಾಚಿದ ಕೈ ನೋಡಿದ, ಅಪ್ಪನ ಬೆನ್ನು ನೋಡಿದ.

"ಎಲ್ಲಾ ತಪ್ಪೇನು?"

"ಎರಡು ಕಿವಿ ಇದ್ರೇನೇ ಸದ್ದು ಎಲ್ಲಿಂದ ಬಂತು ಅಂತ ಗೊತ್ತಾಗೋದು. ನಾಳೆ ಯಾರೋ ಎಡಗಡೆಯಿಂದ ಗುಂಡು ಹಾರಿಸಿದ್ರೆ ನೀನು ಬಲಕ್ಕೆ ತಿರುಗ್ತೀಯ. ಪಕ್ಕದೋನು ಕೂಗಿದ್ರೂ ಹಂಗೇ. ಕುರ್ಚಿ ಹೆಂಗೆ ಇರ್ತೈತೆ ಅಂತ ನಾನು ಹೇಳ್ಕೊಡಬಹುದು ಚೌಡ. ಆಮೇಲೆ ಅಲ್ಲಿ ನಿನ್ನ ಮುಂದೆ ನಿಂತು ಕೈ ತೋರ್ಸೋರು ಯಾರು?"

ಅವನು ಹಿತ್ತಲಿಗೆ ಹೋದ. ನಾನು ಹಿಂದೆ ಹೋದೆ. ತೊಳೆಯುವ ಕಲ್ಲಿನ ಮೇಲೆ ಕೂತಿದ್ದ. ಸುತ್ತಿ ಬಂದು ಬಲಗಡೆ ಕೂತು ಹೇಳಿದೆ, "ನಾನು ಅವಸರ ಮಾಡಿದೆ. ಕುರ್ಚಿ ತಿರುಗಿಸ್ಲಿಲ್ಲ. ತಪ್ಪು ನಂದು, ನಿಂದಲ್ಲ." ಅವನು ಅಳುತ್ತಿದ್ದ. ನಾನೂ ಅತ್ತೆ. ಕರೆಂಟು ಬಂದು ಗಿರಣಿ ಶುರುವಾದ ಮೇಲೆ ಇಬ್ಬರ ಅಳುವೂ ಯಾರಿಗೂ ಕೇಳಿಸಲಿಲ್ಲ.

ಜುಲೈ 27, ಭಾನುವಾರ

ಮರುಪರೀಕ್ಷೆಗೆ ಅವನು ಹೋಗಲಿಲ್ಲ. ಯಾರೂ ಬೇಡ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ.

ಕುಬೇರಪ್ಪ ಮಾಮ ಮನೆಗೆ ಬಂದಿದ್ದರು. "ಸಾಲು ನಿಲ್ಸಿದ್ರೆ ಯಾವಾಗ್ಲೂ ಎಡಗಡೆ ತುದಿಗೆ ಹೋಗಿ ನಿಲ್ತಿದ್ದ. ಶಿಸ್ತು ಅನ್ಕಂಡಿದ್ದೆ ನಾನು" ಎಂದು ಚೌಡೇಶನ ತಲೆ ಸವರಿದರು. ಹೊರಡುವಾಗ ನನ್ನನ್ನು ಬಾಗಿಲಿಗೆ ಕರೆದು, ಆ ಮಷೀನು ಕಿವಿಗೆ ಹಾಕಿಕೊಂಡರೆ ಹೊರಗೆ ಎಷ್ಟು ಕಾಣುತ್ತದೆ ಎಂದು ಕೇಳಿದರು. ಇನ್ನೂ ಆ ಆಸ್ಪತ್ರೆಯಲ್ಲೇ ಇರುವ ನಿಖತ್ ಹತ್ತಿರ ಕಳಿಸಿದ್ದೇನೆ.

ದಾವಣಗೆರೆಯಿಂದ ಕಿವಿ ಮುಚ್ಚುವ ಇಯರ್ ಮಫ್ ತಂದೆ. ಉಳಿದಿರುವ ಒಂದು ಕಿವಿಯನ್ನೂ ಗಿರಣಿಗೆ ಕೊಡುವುದು ಬೇಡ, ಇದಿಲ್ಲದೆ ಬೆಲ್ಟು ಹಾಕಿದರೆ ಪುಣೆಯಿಂದ ಬಂದು ಒದೆಯುತ್ತೇನೆ ಎಂದೆ. ಚೌಡೇಶ ಹಾಕಿಕೊಂಡು ಕನ್ನಡಿ ನೋಡಿಕೊಂಡ. ಹೆಲಿಕಾಪ್ಟರ್ ಓಡಿಸೋನ ಹಂಗೆ ಕಾಣ್ತೀನಿ ಎಂದ. ನಗುತ್ತಾ ಹೇಳಿದ್ದಲ್ಲ.

ಆಗಸ್ಟ್ 3, ಭಾನುವಾರ

ರೈಲಿನಲ್ಲಿ ಬರೆಯುತ್ತಿದ್ದೇನೆ. ಹರಿಹರದ ಸ್ಟೇಷನ್ನಿಗೆ ಚೌಡೇಶ ಬಂದಿದ್ದ. ದೊಡ್ಡ ಪೆಟ್ಟಿಗೆ ಅವನೇ ಹೊತ್ತ. ಸ್ಟೇಷನ್ನಿನಲ್ಲಿ ಜನ ಬಹಳ, ಮೈಕಿನ ಗದ್ದಲ ಬೇರೆ. ಅವನ ಬಲಗಡೆ ನಿಂತುಕೊಂಡೆ. ಹಾಗೆ ಮಾತಾಡಿದರೆ ಅವನಿಗೂ ಕಷ್ಟವಿಲ್ಲ, ನನಗೂ ಕೂಗುವುದು ತಪ್ಪುತ್ತದೆ.

"ನೀನೇ ಮೊದ್ಲು ಹೋದೆ ನೋಡು" ಎಂದ.

ತಿಂಡಿ ಡಬ್ಬಿ ಎಲ್ಲಿಟ್ಟೆ ಎಂದು ಕೇಳಿದೆ.

ರೈಲು ಹೊರಟ ಮೇಲೆ ತುಂಗಭದ್ರೆಯ ಸೇತುವೆ ಬರುವವರೆಗೆ ಅವನು ಈ ಸಲ ಸೆಲ್ಯೂಟ್ ಹೊಡೆಯಲಿಲ್ಲ ಎನ್ನುವುದನ್ನೇ ಯೋಚಿಸುತ್ತಿದ್ದೆ.

ಆಗಸ್ಟ್ 6, ಬುಧವಾರ

ಕೆಲಸಕ್ಕೆ ಸೇರಿದೆ. ಕಿವಿ ಪರೀಕ್ಷೆಯ ಕೋಣೆ ಚೆನ್ನಾಗಿದೆ, ಜನರೇಟರ್ ದೂರವಿದೆ. ಎಲ್ಲರೂ ಮೆತ್ತಗೆ ಮಾತಾಡುತ್ತಾರೆ. ಎಷ್ಟು ಮೆತ್ತಗೆ ಎಂದರೆ ಊಟದ ಕೋಣೆಯಲ್ಲಿ ಒಬ್ಬಳೇ ಕೂತ ಹಾಗೆ ಇರುತ್ತದೆ.

ಮೊದಲ ದಿನವೇ ಒಬ್ಬ ಜವಾನ, ಚೌಡೇಶನಿಗಿಂತ ಸ್ವಲ್ಪ ದೊಡ್ಡವನು. ಅಭ್ಯಾಸದಲ್ಲಿ ಹತ್ತಿರ ಏನೋ ಸಿಡಿದಿತ್ತಂತೆ. ಕೇಳುವ ಮೊದಲೇ ಹಿಂದಿಯಲ್ಲಿ, ಎಲ್ಲಾ ಸರಿಯಾಗಿ ಕೇಳುತ್ತೆ ಮೇಡಂ ಎಂದ. ನಾನು ಎದ್ದು ಹೋಗಿ ಕುರ್ಚಿ ತಿರುಗಿಸಿದೆ. ತಿರುಗಿಸಿದ ಮೇಲೂ ಹೊರಗೆ ಬಂದು, ಅವನ ಕಣ್ಣಿಗೆ ನನ್ನ ಕೈಯಾಗಲಿ ನೆರಳಾಗಲಿ ಬೀಳುವುದೇ ಎಂದು ನೋಡಿ, ಮತ್ತೆ ಹೋಗಿ ಇನ್ನೂ ಸ್ವಲ್ಪ ತಿರುಗಿಸಿದೆ. ಅವನ ಒಂದು ಕಿವಿಗೆ ಬಹಳ ಪೆಟ್ಟಾಗಿದೆ. ಬರೆಯಬೇಡಿ ಮೇಡಂ, ಊರಲ್ಲಿ ನನ್ನನ್ನೇ ನಂಬಿಕೊಂಡಿದ್ದಾರೆ ಎಂದ. ಅವನ ಒಳ್ಳೆಯ ಕಿವಿಯ ಕಡೆ ಹೋಗಿ ಕೂತು, ಯಾಕೆ ಬರೆಯಲೇಬೇಕು ಎಂದು ನಿಧಾನವಾಗಿ ಹೇಳಿದೆ. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಒಬ್ಬನಿಗೆ ಬಹಳ ಹೊತ್ತು ತೆಗೆದುಕೊಂಡಿರಿ ಎಂದು ಮೇಲಿನವರು ಹೇಳಿದರು. ಹೌದು ಎಂದೆ.

ಆಗಸ್ಟ್ 17, ಭಾನುವಾರ

ಬಂದಾಗಿನಿಂದ ದಿನಾ ಫೋನ್ ಮಾಡುತ್ತಿದ್ದೇನೆ. ಅಮ್ಮ ಮಾತಾಡುತ್ತಾಳೆ, ಚೌಡೇಶ ಹೇಗಿದ್ದಾನೆ ಎಂದರೆ ಚೆನ್ನಾಗಿದ್ದಾನೆ ಅಂತಾಳೆ. ಅವನ ಕೈಗೆ ಕೊಟ್ಟರೆ ಅವನೂ "ಚೆನ್ನಾಗಿದೀನಿ" ಎಂದು ವಾಪಸ್ಸು ಕೊಡುತ್ತಾನೆ. ನಮ್ಮ ಮನೆಯವರಿಗೆ ಬಾಯಲ್ಲಿ ಮಾತಾಡಲು ಬರುವುದಿಲ್ಲ. ಬಾಯಲ್ಲಿ ಆಡಿದ್ದು ಬರೀ ಮರ್ಯಾದೆಯ ಮಾತು.

ಇವತ್ತು ವಿಡಿಯೋ ಕಾಲ್ ಮಾಡಿದೆ. ಅಮ್ಮ ಫೋನನ್ನು ಗಿರಣಿಗೆ ತಗೊಂಡು ಹೋದಳು. ಬೆಲ್ಟು ಓಡುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಅಪ್ಪ ಹಿಟ್ಟಿನ ಕೈಯನ್ನೇ ಎತ್ತಿದರು. ಚೌಡೇಶ ಕಿವಿಯ ಮೇಲೆ ಮಫ್ ಹಾಕಿಕೊಂಡು ಜೋಳ ಸುರಿಯುತ್ತಿದ್ದ. ನನ್ನನ್ನು ನೋಡಿ ಡಬ್ಬ ಕೆಳಗಿಟ್ಟ.

ನಾನು ಅವನ ಕಡೆ ಗದ್ದ ಎತ್ತಿ, ಎದೆ ಮುಟ್ಟಿಕೊಂಡೆ. ಹೇಗಿದೀಯ ಎಂದು.

ಅವನ ಕೈ ಮೇಲೆ ಬಂತು. ಹೆಬ್ಬೆರಳೂ ತೋರುಬೆರಳೂ ಹತ್ತಿರ ಹೋದವು. ಉಜ್ಜುತ್ತಾನೆ ಅಂದುಕೊಂಡೆ. ಅಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದ. ಆಮೇಲೆ ಕೈ ಮಗುಚಿ, ಐದೂ ಬೆರಳು ಬಿಡಿಸಿ, ನಿಧಾನವಾಗಿ ಕೆಳಗೆ ಉದುರಿಸಿದ. ತರಿಯಿದೆ.

ಇನ್ನೊಂದು ಸಲ ಹಾಕಬೇಕು.

ನಾನೂ ಈ ಕಡೆಯಿಂದ ಹಾಗೇ ಉದುರಿಸಿದೆ, ನನ್ನದೂ ಅಷ್ಟೇ ಎಂದು. ಅವನು ನಕ್ಕ. ಜೂನ್‌ನಿಂದ ಈಚೆಗೆ ಅವನು ನನ್ನನ್ನು ನೋಡಿ ನಕ್ಕಿದ್ದು ಇದೇ ಮೊದಲು. ಆಮೇಲೆ ಇಬ್ಬರೂ ಬಹಳ ಹೊತ್ತು ಅದೂ ಇದೂ ಮಾತಾಡಿದೆವು: ಮುಂದಿನ ಬ್ಯಾಚಿಗೆ ಕಾರ್ಖಾನೆಯವರು ಬಾ ಎಂದಿದ್ದಾರೆ, ಅಮ್ಮನ ಮೊಣಕಾಲು ನೋವು ಹಾಗೇ ಇದೆ, ಕುಬೇರಪ್ಪ ಮಾಮ ಮಷೀನು ಹಾಕಿಕೊಂಡು ಟೋಪಿ ಕೆಳಗೆ ಎಳೆದುಕೊಂಡು ಓಡಾಡುತ್ತಾರೆ.

ಪಕ್ಕದ ಕೋಣೆಯ ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನಿದು, ಫೋನ್ ಮುಂದೆ ಕೂತು ಸುಮ್ಮನೆ ಕೈ ಆಡಿಸುತ್ತಿದ್ದೀಯಲ್ಲ ಎಂದಳು.

ತಮ್ಮನ ಜೊತೆ ಮಾತಾಡುತ್ತಿದ್ದೇನೆ ಎಂದೆ.